ಸಬ್ಸಿಡಿ ಸಾಲಕ್ಕೆ ಅರ್ಜಿ ಹಾಕುವ ಮುಂಚೆ: ಹಾಳೆ ತಟ್ಟೆ ಘಟಕದಲ್ಲಿ ಕಲಿತದ್ದು

ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನದೊಂದು ಅಡಿಕೆ ಹಾಳೆ ತಟ್ಟೆ ಘಟಕ ಇದೆ. ಐದು ಮೆಷಿನ್, ಆರು ಜನ ಕೆಲಸಕ್ಕೆ. 2022ರಲ್ಲಿ ಪಿಎಂಇಜಿಪಿ (ಹೊಸ ಸಣ್ಣ ಘಟಕಕ್ಕೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಯೋಜನೆ) ಸಾಲ ತೆಗೆದುಕೊಂಡು ಶುರು ಮಾಡಿದೆ. ಆಗ ನನಗೆ 26 ವರ್ಷ. ಈಗ ವಾರಕ್ಕೆ ಒಬ್ಬರಾದರೂ ಹುಡುಗರು ಬೈಕ್ ನಿಲ್ಲಿಸಿ ಕೇಳುತ್ತಾರೆ, "ಅಣ್ಣಾ, ಸಬ್ಸಿಡಿ ಹೇಗೆ ಸಿಗುತ್ತೆ?" ಅಂತ. ಎಲ್ಲರಿಗೂ ನಿಂತು ಹೇಳುತ್ತಾ ಕೂತರೆ ಡೈ (ತಟ್ಟೆ ಒತ್ತುವ ಬಿಸಿ ಅಚ್ಚು) ಕಾದು ತಟ್ಟೆ ಕಪ್ಪಾಗುತ್ತದೆ. ಅದಕ್ಕೇ ಬರೆದಿಟ್ಟಿದ್ದೇನೆ.

ಮೊದಲು ಒಂದು ಮಾತು. ಎಷ್ಟು ಸಬ್ಸಿಡಿ ಸಿಗುತ್ತದೆ ಅನ್ನೋದು ಆಮೇಲಿನ ಪ್ರಶ್ನೆ. ಯಾವ ಸಾಲ ಮೊದಲು, ಯಾವುದು ಆಮೇಲೆ ಅನ್ನೋದು ಮುಖ್ಯ. ಇದರಲ್ಲಿ ತಪ್ಪಿದರೆ ಕೆಲವು ಬಾಗಿಲು ಮುಚ್ಚಿಹೋಗುತ್ತವೆ. ನನ್ನ ಗೆಳೆಯನೊಬ್ಬನಿಗೆ ಹಾಗೇ ಆಯಿತು.

ಹೊಸದಾ, ಹಳೆಯದಾ?

ಅವನು ವೆಲ್ಡಿಂಗ್ ಶಾಪ್ ಹಾಕಿದವನು. ಅರ್ಜೆಂಟ್ ಅಂತ ಮುದ್ರಾ ಸಾಲದಲ್ಲಿ ಮೂರು ಲಕ್ಷ ತೆಗೆದುಕೊಂಡು ಮೆಷಿನ್ ತಂದ, ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ಪಟ್ಟಿ) ನೋಂದಣಿ ಮಾಡಿಸಿದ, ಕೆಲಸ ಶುರು ಮಾಡಿದ. ಆರು ತಿಂಗಳಾದ ಮೇಲೆ ಯಾರೋ ಪಿಎಂಇಜಿಪಿಯಲ್ಲಿ ಶೇ 35 ಸಬ್ಸಿಡಿ ಇದೆ ಅಂದರು. ಓಡಿಹೋಗಿ ಅರ್ಜಿ ಹಾಕಿದ. ವಾಪಸ್ ಬಂತು. ಕಾರಣ ಒಂದೇ ಸಾಲು: ಘಟಕ ಈಗಾಗಲೇ ನಡೆಯುತ್ತಿದೆ.

ಪಿಎಂಇಜಿಪಿಯ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ. ಬೇರೆ ಸರ್ಕಾರಿ ಯೋಜನೆಯಲ್ಲಿ ಸಬ್ಸಿಡಿ ಪಡೆದ ಘಟಕಕ್ಕೂ ಇಲ್ಲ. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೇ ಸಿಗುತ್ತದೆ. ಹಾಗಾಗಿ ಸಬ್ಸಿಡಿ ಬೇಕು ಅಂತಿದ್ದರೆ ಮೆಷಿನ್ ತರುವ ಮುಂಚೆ, ಶುರುವಾದ ದಿನಾಂಕ ಹಾಕಿ ಎಲ್ಲೂ ನೋಂದಣಿ ಮಾಡಿಸುವ ಮುಂಚೆ ಅರ್ಜಿ ಹಾಕಿ. ಕಾಯುವ ತಾಳ್ಮೆ ಇಲ್ಲದಿದ್ದರೆ ಮುದ್ರಾಗೆ ಹೋಗಿ. ಅದೇನೂ ತಪ್ಪಲ್ಲ, ಆದರೆ ಗೊತ್ತಿದ್ದು ಹೋಗಿ.

ಮುದ್ರಾ 2015ರ ಏಪ್ರಿಲ್‌ನಲ್ಲಿ ಶುರುವಾಯಿತು. ಶಿಶು ಅಂದರೆ 50 ಸಾವಿರದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ತರುಣ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ ತರುಣ್ ಪ್ಲಸ್ ಅಂತ 2024ರಲ್ಲಿ ಸೇರಿಸಿದರು. ಅಡಮಾನ ಬೇಡ. ಆದರೆ ಸಬ್ಸಿಡಿಯೂ ಇಲ್ಲ. "ಮುದ್ರಾದಲ್ಲಿ ಅರ್ಧ ಮನ್ನಾ ಆಗುತ್ತೆ" ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕು ಬನ್ನಿ. ಮುದ್ರಾ ಸಂಸ್ಥೆ ನಿಮಗೆ ನೇರವಾಗಿ ದುಡ್ಡು ಕೊಡುವುದೂ ಇಲ್ಲ. ಸಾಲ ಕೊಡುವುದು ಬ್ಯಾಂಕು ಅಥವಾ ಫೈನಾನ್ಸ್ ಸಂಸ್ಥೆ.

ನನ್ನ ಗೆಳೆಯನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅದನ್ನು ಕೊನೆಗೆ ಹೇಳುತ್ತೇನೆ.

ಲೆಕ್ಕ ಹೀಗೆ

ಪಿಎಂಇಜಿಪಿ 2008ರಿಂದ ಇದೆ. ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನಾ ವೆಚ್ಚ ಒಪ್ಪುತ್ತಾರೆ. 2022ಕ್ಕೆ ಮುಂಚೆ ಇದು 25 ಮತ್ತು 10 ಇತ್ತು. ವಯಸ್ಸು 18 ದಾಟಿರಬೇಕು. ತಯಾರಿಕೆಯಲ್ಲಿ 10 ಲಕ್ಷ, ಸೇವೆಯಲ್ಲಿ 5 ಲಕ್ಷ ದಾಟಿದರೆ ಎಂಟನೇ ತರಗತಿ ಪಾಸಾಗಿರಬೇಕು. ಹೌದು, ಎಂಟನೇ ತರಗತಿ. ಡಿಗ್ರಿ ಇಲ್ಲ ಅಂತ ಹಿಂಜರಿಯುವವರು ಇದನ್ನು ಇನ್ನೊಮ್ಮೆ ಓದಿ.

ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25 ಸಬ್ಸಿಡಿ. ಕೈಯಿಂದ ಶೇ 10 ಹಾಕಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಹಿಳೆಯರು, ಮಾಜಿ ಸೈನಿಕರು, ಅಂಗವಿಕಲರು, ತೃತೀಯ ಲಿಂಗಿಗಳು, ಇವರೆಲ್ಲ ವಿಶೇಷ ವರ್ಗ. ಇವರಿಗೆ ನಗರದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35. ಕೈಯಿಂದ ಶೇ 5 ಸಾಕು. ಕೇಂದ್ರ ಸರ್ಕಾರದ ಮಹತ್ವಾಕಾಂಕ್ಷೆಯ (ಅಂದರೆ ಹಿಂದುಳಿದ) ಜಿಲ್ಲೆಗಳ ಪಟ್ಟಿಯಲ್ಲಿರುವ ರಾಯಚೂರು, ಯಾದಗಿರಿಯವರಿಗೂ ಇದೇ ವಿಶೇಷ ದರ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಘಟಕ ಇದ್ದರೆ ಹಳ್ಳಿ ಅಂತಲೇ ಲೆಕ್ಕ. ಪೇಟೆಯಿಂದ ಎರಡು ಕಿಲೋಮೀಟರ್ ಆಚೆ ಶೆಡ್ ಹಾಕಿದರೆ ಶೇ 10 ಹೆಚ್ಚಾಗುತ್ತದೆ ಅಂತಾದರೆ ಒಂದ್ಸಲ ಯೋಚಿಸಬೇಕಾದದ್ದೇ.

ನನ್ನದು 8 ಲಕ್ಷದ ಯೋಜನೆ, ಹಿಂದುಳಿದ ವರ್ಗ, ಹಳ್ಳಿ. ನಾನು ಹಾಕಿದ್ದು 40 ಸಾವಿರ. ಬ್ಯಾಂಕ್ ಕೊಟ್ಟದ್ದು 7 ಲಕ್ಷ 60 ಸಾವಿರ. ಸಬ್ಸಿಡಿ 2 ಲಕ್ಷ 80 ಸಾವಿರ. ಇಲ್ಲಿ ಎಲ್ಲರೂ ಎಡವುತ್ತಾರೆ. ಆ 2 ಲಕ್ಷ 80 ಸಾವಿರ ನನ್ನ ಕೈಗೂ ಬರಲಿಲ್ಲ, ಉಳಿತಾಯ ಖಾತೆಗೂ ಬರಲಿಲ್ಲ. ಬ್ಯಾಂಕಿನವರು ಅದನ್ನು ನನ್ನ ಹೆಸರಿನ ಠೇವಣಿಯಾಗಿ ಮೂರು ವರ್ಷ ಕಟ್ಟಿಟ್ಟರು. ಅದಕ್ಕೆ ಬಡ್ಡಿ ಕೊಡುವುದಿಲ್ಲ. ಅಷ್ಟೇ ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದೂ ಇಲ್ಲ. ಅಂದರೆ ಬಡ್ಡಿ 4 ಲಕ್ಷ 80 ಸಾವಿರಕ್ಕೆ ಮಾತ್ರ. ಮೂರು ವರ್ಷ ಆದ ಮೇಲೆ ಬಂದು ಪರಿಶೀಲಿಸುತ್ತಾರೆ. ಘಟಕ ನಡೀತಿದ್ದರೆ ಠೇವಣಿಯನ್ನು ಸಾಲಕ್ಕೆ ಜಮಾ ಮಾಡುತ್ತಾರೆ.

ಒಂದು ಸಣ್ಣ ಗುಟ್ಟು. ಸಾಲದ ಮೊದಲ ಕಂತು ಬಿಡುಗಡೆಯಾದ ಮೇಲೆ ಬ್ಯಾಂಕ್ ಸಬ್ಸಿಡಿಗೆ ಕ್ಲೇಮ್ ಹಾಕುತ್ತದೆ. ಅದು ಬರುವ ತನಕ ಪೂರ್ತಿ ಸಾಲಕ್ಕೆ ಬಡ್ಡಿ ಓಡುತ್ತಿರುತ್ತದೆ. ಆದ್ದರಿಂದ ಕ್ಲೇಮ್ ಹಾಕಿದ್ದಾರಾ ಅಂತ ವಾರಕ್ಕೊಮ್ಮೆ ಹೋಗಿ ಕೇಳಿ. ನಾಚಿಕೆ ಬೇಡ. ಕಚೇರಿ ಭಾಷೆಯಲ್ಲಿ ಸಬ್ಸಿಡಿಗೆ "ಮಾರ್ಜಿನ್ ಮನಿ" ಅನ್ನುತ್ತಾರೆ. ಹಾಗೆ ಕೇಳಿದರೆ ಬೇಗ ಅರ್ಥವಾಗುತ್ತದೆ.

ಜಮೀನಿನ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ಸೇರಿಸುವಂತಿಲ್ಲ. ಶೆಡ್ ಕಟ್ಟುವ ಖರ್ಚು, ಅಥವಾ ಮೂರು ವರ್ಷದವರೆಗಿನ ಬಾಡಿಗೆ ಸೇರಿಸಬಹುದು. ಬೆಳೆ ಬೆಳೆಯುವುದಕ್ಕೆ, ಮದ್ಯ, ಬೀಡಿ, ಸಿಗರೇಟಿಗೆ ಈ ಸಾಲ ಇಲ್ಲ.

"ಮಳೆಗಾಲದಲ್ಲಿ ಹಾಳೆ ಎಲ್ಲಿಂದ ತರ್ತೀಯಪ್ಪಾ?"

ಈಗ ಪ್ರಾಜೆಕ್ಟ್ ರಿಪೋರ್ಟ್ ವಿಷಯ. ಬೇರೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ನನ್ನ ಮೊದಲ ರಿಪೋರ್ಟನ್ನು ಪೇಟೆಯ ಜೆರಾಕ್ಸ್ ಅಂಗಡಿಯವನೊಬ್ಬ ಮಾಡಿಕೊಟ್ಟ. ಎರಡು ಸಾವಿರ ತೆಗೆದುಕೊಂಡ. ಇಪ್ಪತ್ತೆರಡು ಪುಟ, ಬಣ್ಣದ ಮುಖಪುಟ, ಸ್ಪೈರಲ್ ಬೈಂಡಿಂಗ್. ಅದನ್ನು ಹಿಡಿದುಕೊಂಡು ಮದುವೆ ಗಂಡಿನ ಹಾಗೆ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಮೇಡಂ ಪುಟ ತಿರುಗಿಸಿದರು. ವರ್ಷಕ್ಕೆ 300 ದಿನ ಉತ್ಪಾದನೆ ಅಂತಿತ್ತು. ಕನ್ನಡಕ ಕೆಳಗಿಳಿಸಿ ಕೇಳಿದರು, "ಮಳೆಗಾಲದಲ್ಲಿ ಹಾಳೆ ಎಲ್ಲಿಂದ ತರ್ತೀಯಪ್ಪಾ?"

ನಾನು ಮಲೆನಾಡಲ್ಲಿ ಹುಟ್ಟಿದವನು. ಹಾಳೆ ಬೀಳುವುದು ಬೇಸಿಗೆ ಕಡೆಗೆ, ಮಳೆ ಹಿಡಿದರೆ ಬೂಸ್ಟು ಹಿಡಿಯುತ್ತದೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ರಿಪೋರ್ಟ್ ಬರೆದವನಿಗೆ ಗೊತ್ತಿರಲಿಲ್ಲ. ಬರೆದದ್ದನ್ನು ನಾನು ಓದಿರಲಿಲ್ಲ. "ಮೇಡಂ, ಅದು..." ಅಂತ ನಿಂತೆ. ಅವರು ಬೈಯಲಿಲ್ಲ. "ನೀನೇ ಬರ್ಕೊಂಡು ಬಾ. ನಾಲ್ಕೇ ಪುಟ ಇದ್ರೂ ಪರವಾಗಿಲ್ಲ" ಅಂದರು.

ಆ ರಾತ್ರಿ ಅಪ್ಪನ ಜೊತೆ ಕೂತು ಲೆಕ್ಕ ಹಾಕಿದೆ. ಜನವರಿಯಿಂದ ಮೇವರೆಗೆ ಎಷ್ಟು ತೋಟದಿಂದ ಎಷ್ಟು ಹಾಳೆ ಸಿಗಬಹುದು. ಒಣಗಿಸಿ ಕಟ್ಟು ಕಟ್ಟಿ ಇಡುವುದಕ್ಕೆ ಎಷ್ಟು ಜಾಗ ಬೇಕು. ಒಂದು ಹಾಳೆಗೆ ದೊಡ್ಡ ತಟ್ಟೆ ಎಷ್ಟು, ಉಳಿದ ಚೂರಿನಲ್ಲಿ ದೊನ್ನೆ ಎಷ್ಟು. ಕರೆಂಟ್ ಹೋಗುವ ದಿನಗಳನ್ನು ಕಳೆದರೆ ಎಷ್ಟು ದಿನ ಕೆಲಸ. ಅಪ್ಪ ಹೇಳಿದ ಒಂದು ಮಾತು ನನ್ನ ಇಡೀ ರಿಪೋರ್ಟನ್ನೇ ಬದಲಿಸಿತು: "ವರ್ಷದ ಹಾಳೆನ ಐದು ತಿಂಗಳಲ್ಲಿ ಕೊಳ್ಳಬೇಕಲ್ವೇನೋ, ಅದಕ್ಕೆ ದುಡ್ಡೆಲ್ಲಿ ಇಟ್ಟಿದೀಯ?" ಜೆರಾಕ್ಸ್ ಅಂಗಡಿಯ ರಿಪೋರ್ಟಲ್ಲಿ ಪೂರ್ತಿ ದುಡ್ಡು ಮೆಷಿನ್‌ಗೇ ಹೋಗಿತ್ತು. ನಾನು ಮೆಷಿನ್ ಕಡಿಮೆ ಮಾಡಿ 2 ಲಕ್ಷ ದುಡಿಯುವ ಬಂಡವಾಳಕ್ಕೆ ಇಟ್ಟೆ. ಮೆಷಿನ್, ಡೈಗೆ 4 ಲಕ್ಷ. ಶೆಡ್‌ಗೆ ಒಂದೂವರೆ. ತ್ರೀ ಫೇಸ್ ಲೈನ್, ವೈರಿಂಗ್ ಎಲ್ಲ ಸೇರಿ ಐವತ್ತು ಸಾವಿರ.

ರಿಪೋರ್ಟ್ ಬರೆಯುವಾಗ ನಿಮ್ಮ ಧಂದೆಯ "ಮಳೆಗಾಲ" ಯಾವುದು ಅಂತ ಹುಡುಕಿ. ಬೇಕರಿ ಮಾಡುವವರಿಗೆ ಅದು ಉಪವಾಸದ ತಿಂಗಳಿರಬಹುದು, ಯೂನಿಫಾರ್ಮ್ ಹೊಲಿಯುವವರಿಗೆ ಜುಲೈ ಆದ ಮೇಲಿನ ಖಾಲಿ ತಿಂಗಳುಗಳಿರಬಹುದು. ಮ್ಯಾನೇಜರ್ ಬೆರಳು ಇಡುವುದು ಅಲ್ಲಿಗೇ. ಪಿಎಂಇಜಿಪಿಯನ್ನು ನೋಡಿಕೊಳ್ಳುವ ಖಾದಿ ಆಯೋಗದ ಪೋರ್ಟಲ್‌ನಲ್ಲಿ ಮಾದರಿ ರಿಪೋರ್ಟುಗಳು ಪುಕ್ಕಟೆ ಸಿಗುತ್ತವೆ. ಚೌಕಟ್ಟಿಗೆ ಅವನ್ನು ಇಟ್ಟುಕೊಳ್ಳಿ, ಅಂಕಿಗಳು ಮಾತ್ರ ನಿಮ್ಮೂರಿನವೇ ಇರಲಿ. ಮೆಷಿನ್ ಕೊಟೇಶನ್ ಜಿಎಸ್‌ಟಿ ನಂಬರ್ ಇರುವ ಕಂಪನಿಯಿಂದಲೇ ತನ್ನಿ. ಮೆಷಿನ್ ದುಡ್ಡನ್ನು ಬ್ಯಾಂಕ್ ನಿಮಗೆ ಕೊಡುವುದಿಲ್ಲ, ಮೆಷಿನ್ ಮಾರುವವರ ಖಾತೆಗೇ ಹಾಕುತ್ತದೆ.

ಕಾಗದ ಪತ್ರ

ಅರ್ಜಿ ಆನ್‌ಲೈನ್‌ನಲ್ಲಿ, ಪೂರ್ತಿ ಉಚಿತ. ಅರ್ಜಿಯಲ್ಲೇ ಯಾವ ಸಂಸ್ಥೆಯ ಮೂಲಕ ಅಂತ ಆರಿಸಬೇಕು: ಖಾದಿ ಆಯೋಗ, ರಾಜ್ಯದ ಖಾದಿ ಮಂಡಳಿ, ಅಥವಾ ಜಿಲ್ಲಾ ಕೈಗಾರಿಕಾ ಕೇಂದ್ರ. ತೆಂಗಿನ ನಾರಿನ ಘಟಕವಾದರೆ ಕಾಯರ್ ಬೋರ್ಡ್ ಕೂಡ ಇದೆ. ನಾನು ಜಿಲ್ಲಾ ಕೈಗಾರಿಕಾ ಕೇಂದ್ರ ಆರಿಸಿಕೊಂಡೆ. ಶಿವಮೊಗ್ಗಕ್ಕೆ ಬಸ್ಸಿದೆ, ಎದುರಿಗೆ ಕೂತು ಮಾತಾಡಬಹುದು, ಅಷ್ಟೇ ಕಾರಣ.

ಆಧಾರ್, ಪ್ಯಾನ್, ಅಂಕಪಟ್ಟಿ, ಫೋಟೋ, ನಾಡಕಚೇರಿಯ ಜಾತಿ ಪ್ರಮಾಣಪತ್ರ, ಗ್ರಾಮೀಣ ಪ್ರದೇಶ ಅನ್ನುವ ಪತ್ರ, ರಿಪೋರ್ಟ್. ಇವೆಲ್ಲದರಲ್ಲೂ ಹೆಸರು ಒಂದೇ ಥರ ಇರಲಿ. ನನ್ನ ಆಧಾರ್‌ನಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಮುಂದೆ, ಅಂಕಪಟ್ಟಿಯಲ್ಲಿ ಹಿಂದೆ. ಅದೊಂದೇ ಅಕ್ಷರಕ್ಕೆ ಹದಿನೈದು ದಿನ ಹೋಯಿತು.

ಜಾಗದ ದಾಖಲೆ ಇನ್ನೂ ಮುಖ್ಯ. ಶೆಡ್ ಊರೊಳಗಿನ ಜಾಗದಲ್ಲಿದ್ದರೆ ಇ-ಸ್ವತ್ತಿನ ಫಾರ್ಮ್ 9 ಮತ್ತು 11 ತೆಗೆಸಿ. ತೋಟದಲ್ಲಿ ಹಾಕುವುದಾದರೆ ಭೂ ಪರಿವರ್ತನೆ ಬೇಕಾ ಅಂತ ಮೊದಲೇ ಕೇಳಿಕೊಳ್ಳಿ. ಅಪ್ಪನ ಹೆಸರಲ್ಲಿದ್ದರೆ ಒಪ್ಪಿಗೆ ಪತ್ರ ಅಥವಾ ಬಾಡಿಗೆ ಕರಾರು ಬರೆಸಿ. ಅಣ್ಣ ತಮ್ಮಂದಿರ ಪಾಲು ಆಗಿಲ್ಲದ ಜಾಗವಾದರೆ ಮೊದಲು ಮನೆಯಲ್ಲಿ ಮಾತಾಡಿ ಮುಗಿಸಿ. ನಮ್ಮ ದೊಡ್ಡಪ್ಪನ ಸಹಿಗೆ ನಾನು ಮೂರು ಸಲ ಕೋಳಿ ಸಾರಿನ ಊಟ ಹಾಕಿಸಿದ್ದೇನೆ.

ಮತ್ತೆ ಸಿಬಿಲ್, ಅಂದರೆ ಹಿಂದಿನ ಸಾಲಗಳನ್ನು ಹೇಗೆ ತೀರಿಸಿದ್ದೀರಿ ಅನ್ನುವ ದಾಖಲೆ. ಕಾಲೇಜಿನಲ್ಲಿದ್ದಾಗ ಕಂತಿನ ಮೇಲೆ ಒಂದು ಫೋನ್ ತೆಗೆದುಕೊಂಡಿದ್ದೆ. ಕೊನೆಯ ಕಂತು ಕಟ್ಟಲು ಮರೆತಿದ್ದೆ, 1,800 ರೂಪಾಯಿ. ಅದು ನಾಲ್ಕು ವರ್ಷ ಆದ ಮೇಲೆ ಮ್ಯಾನೇಜರ್ ಮೇಡಂ ಪರದೆ ಮೇಲೆ ಕೆಂಪಗೆ ಕಂಡಿತು. ಕಟ್ಟಿ, ಬಾಕಿ ಇಲ್ಲ ಅನ್ನುವ ಪತ್ರ ತಂದು, ದಾಖಲೆ ಸರಿಯಾಗುವ ತನಕ ಕಾಯಬೇಕಾಯಿತು. ವರ್ಷಕ್ಕೊಮ್ಮೆ ನಿಮ್ಮ ಪೂರ್ತಿ ವರದಿಯನ್ನು ಉಚಿತವಾಗಿ ನೋಡಬಹುದು. ಅರ್ಜಿಗೆ ಮೂರು ತಿಂಗಳ ಮುಂಚೆಯೇ ನೋಡಿಬಿಡಿ.

10 ಲಕ್ಷದವರೆಗಿನ ಸಣ್ಣ ಉದ್ಯಮದ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಯಾರಾದರೂ ತೋಟದ ಪತ್ರ ತನ್ನಿ ಅಂದರೆ ಜಗಳ ಆಡಬೇಡಿ. "ಸರ್, ಗ್ಯಾರಂಟಿ ಟ್ರಸ್ಟಿನ ಅಡಿಯಲ್ಲಿ ಮಾಡಿಕೊಡಿ" ಅಂತ ಮೆಲ್ಲಗೆ ಹೇಳಿ. ಅಡಮಾನ ಇಲ್ಲದ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡುವ ಟ್ರಸ್ಟ್ ಅದು. ನಿಮಗೆ ವಿಷಯ ಗೊತ್ತು ಅಂತ ಅವರಿಗೆ ಗೊತ್ತಾಗುತ್ತದೆ.

ಏಜೆಂಟರು? ನನ್ನ ಹತ್ತಿರವೂ ಒಬ್ಬ ಬಂದಿದ್ದ. ಸಬ್ಸಿಡಿಯಲ್ಲಿ ಶೇ 10 ಕೊಟ್ಟರೆ ಮಂಜೂರು ಮಾಡಿಸುತ್ತೇನೆ ಅಂದ. ಸಬ್ಸಿಡಿ ಮೂರು ವರ್ಷ ಯಾರ ಕೈಗೂ ಸಿಗುವುದಿಲ್ಲ ಅಂತ ಅವನಿಗೇ ಗೊತ್ತಿರಲಿಲ್ಲ. ಉದ್ಯಮ್ ನೋಂದಣಿಗೂ ಸರ್ಕಾರ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ.

ತರಬೇತಿ

ಪಿಎಂಇಜಿಪಿ ಸಾಲದ ಜೊತೆಗೆ ಉದ್ಯಮ ನಡೆಸುವ ತರಬೇತಿಯೂ ಇದೆ. ಸುಮ್ನೆ ಸರ್ಟಿಫಿಕೇಟ್‌ಗೆ ಅಂತ ಹೋದೆ, ಹತ್ತು ದಿನ. ಲೆಡ್ಜರ್ ಬರೆಯುವುದನ್ನು ಕಲಿತದ್ದು ಅಲ್ಲೇ. ಆನ್‌ಲೈನ್‌ನಲ್ಲೂ ಮಾಡಬಹುದು, ಆದರೆ ಆಗುವುದಾದರೆ ಹೋಗಿ ಕೂತು ಮಾಡಿ. ಹಳ್ಳಿಯ ಹುಡುಗರಿಗೆ ಊಟ, ವಸತಿ ಸಮೇತ ಉಚಿತ ತರಬೇತಿ ಕೊಡುವ ಆರ್‌ಸೆಟಿ ಕೇಂದ್ರಗಳು ದೇಶದ ಜಿಲ್ಲೆ ಜಿಲ್ಲೆಗಳಲ್ಲಿವೆ. ಅವಕ್ಕೆ ಮಾದರಿಯಾದದ್ದು 1982ರಲ್ಲಿ ಉಜಿರೆಯಲ್ಲಿ ಶುರುವಾದ ನಮ್ಮ ರುಡ್‌ಸೆಟಿ. ಏನು ಮಾಡಬೇಕು ಅಂತಲೇ ಇನ್ನೂ ಗೊತ್ತಿಲ್ಲದವರು ಮೊದಲು ಅಲ್ಲಿಗೆ ಹೋಗುವುದು ಒಳ್ಳೆಯದು.

ಅತ್ತಿಗೆಯ ಉಪ್ಪಿನಕಾಯಿ

ಪಿಎಂಇಜಿಪಿ ಎಲ್ಲರಿಗೂ ಹೊಂದುವುದಿಲ್ಲ. ನಮ್ಮ ಅತ್ತಿಗೆ ಎಂಟು ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಿದ್ದಾರೆ. ಹಳೇ ಘಟಕ, ಹಾಗಾಗಿ ಇದು ಆಗುವುದಿಲ್ಲ. ಅವರಿಗೆ ಆದದ್ದು ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಸಂಸ್ಕರಣಾ ಘಟಕಗಳ ಯೋಜನೆ. 2020ರಲ್ಲಿ ಬಂದದ್ದು. ಇದರಲ್ಲಿ ನಡೆಯುತ್ತಿರುವ ಘಟಕವನ್ನು ದೊಡ್ಡದು ಮಾಡುವುದಕ್ಕೂ ಸಹಾಯ. ಕೇಂದ್ರದಿಂದ ಶೇ 35, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಅದಕ್ಕೆ ಶೇ 15 ಸೇರಿಸುತ್ತದೆ, ಒಟ್ಟು ಗರಿಷ್ಠ 15 ಲಕ್ಷ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಪ್ರತಿ ಜಿಲ್ಲೆಯಲ್ಲೂ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ರಿಪೋರ್ಟ್‌ನಿಂದ ಹಿಡಿದು ಆಹಾರ ಸುರಕ್ಷತೆ ಲೈಸೆನ್ಸ್‌ವರೆಗೆ ಮಾಡಿಸಿಕೊಡುತ್ತಾರೆ. ಅವರಿಗೆ ಸರ್ಕಾರವೇ ದುಡ್ಡು ಕೊಡುತ್ತದೆ, ನೀವು ಕೊಡಬೇಕಿಲ್ಲ. ಬೆಲ್ಲ, ಹಪ್ಪಳ, ರೊಟ್ಟಿ, ಎಣ್ಣೆ ಗಾಣ, ಹಿಟ್ಟಿನ ಗಿರಣಿ ಅಂತ ಏನೇ ತಿನ್ನುವ ವಸ್ತು ಮಾಡುವವರು ಮೊದಲು ಇದನ್ನು ನೋಡಿ, ಆಮೇಲೆ ಬೇರೆಯದನ್ನು.

ಸಣ್ಣದಾಗಿ ಶುರು ಮಾಡುವ ಹೆಣ್ಣುಮಕ್ಕಳಿಗೆ ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಇದೆ, 3 ಲಕ್ಷದವರೆಗಿನ ಸಾಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರಲ್ಲಿ ಅರ್ಧ ಸಬ್ಸಿಡಿ. ಆ್ಯಪ್, ಸಾಫ್ಟ್‌ವೇರ್, ಹೊಸ ಯಂತ್ರ ಕಂಡುಹಿಡಿಯುವವರ ದಾರಿ ಬೇರೆ. ಕರ್ನಾಟಕದ ಎಲಿವೇಟ್‌ನಲ್ಲಿ ಗೆದ್ದರೆ 50 ಲಕ್ಷದವರೆಗೆ ಅನುದಾನ. 2021ರಲ್ಲಿ ಬಂದ ಸ್ಟಾರ್ಟಪ್ ಇಂಡಿಯಾದ ಸೀಡ್ ಫಂಡ್‌ನಲ್ಲಿ ಮಾದರಿ ಮಾಡಿ ತೋರಿಸಲು 20 ಲಕ್ಷದವರೆಗೆ ಕೊಡುತ್ತಿದ್ದರು. ಅಲ್ಲಿ ಕಂಪನಿ ಮಾಡಿರಬೇಕು, ಆಯ್ಕೆ ಸಮಿತಿ ಮುಂದೆ ಮಾತಾಡಬೇಕು. ಅದು ನನ್ನ ಪ್ರಪಂಚ ಅಲ್ಲ, ಇಷ್ಟಕ್ಕೇ ಬಿಡುತ್ತೇನೆ.

ಸಾಲ ಬಂದ ಮೇಲೆ ನಾನು ಮಾಡಿದ ತಪ್ಪು

ದುಡಿಯುವ ಬಂಡವಾಳದ 2 ಲಕ್ಷವನ್ನು ಬ್ಯಾಂಕ್ ಕ್ಯಾಶ್ ಕ್ರೆಡಿಟ್ ಖಾತೆಯಾಗಿ ಕೊಟ್ಟಿತು. ಬೇಕಾದಾಗ ತೆಗೆಯಬಹುದು, ತೆಗೆದಷ್ಟಕ್ಕೇ ಬಡ್ಡಿ. ನಾನು ಮೊದಲ ವರ್ಷ ಬಡ್ಡಿಗೆ ಹೆದರಿ ಮುಟ್ಟಲೇ ಇಲ್ಲ. ಅಪ್ಪನ ಹತ್ತಿರ, ಮಾವನ ಹತ್ತಿರ ಕೈಗಡ ಮಾಡಿ ಹಾಳೆ ಕೊಂಡೆ. ಎಷ್ಟು ಜಾಣ ನಾನು ಅಂದುಕೊಂಡಿದ್ದೆ. ಒಂದು ದಿನ ಪಾಸ್‌ಬುಕ್ ಎಂಟ್ರಿ ಮಾಡಿಸುವಾಗ ಕೌಂಟರಿನವರು, "ಇದನ್ನು ಹೀಗೇ ಬಿಟ್ಟರೆ ನಿನ್ನ ಸಬ್ಸಿಡಿ ಕತ್ತರಿಸ್ತಾರೆ" ಅಂದರು.

ನಿಯಮ ಹೀಗಿದೆ. ಮೂರು ವರ್ಷದೊಳಗೆ ಒಮ್ಮೆಯಾದರೂ ಆ ಮಿತಿಯನ್ನು ಪೂರ್ತಿ, ಶೇ 100, ಬಳಸಿರಬೇಕು. ಒಟ್ಟಾರೆ ಬಳಕೆಯೂ ಶೇ 75ಕ್ಕಿಂತ ಕಡಿಮೆ ಇರಬಾರದು. ಇಲ್ಲದಿದ್ದರೆ ಬಳಸದ ಭಾಗದ ಸಬ್ಸಿಡಿ ವಾಪಸ್ ಹೋಗುತ್ತದೆ. ಇದನ್ನು ತರಬೇತಿಯಲ್ಲೂ ಹೇಳಿದ್ದರಂತೆ, ನಾನು ಟೀ ಕುಡಿಯಲು ಹೋಗಿದ್ದೆನೋ ಏನೋ. ಎರಡನೇ ವರ್ಷದಿಂದ ಫೆಬ್ರವರಿಯಲ್ಲಿ ಪೂರ್ತಿ ತೆಗೆದು ಹಾಳೆ ತುಂಬಿಸುತ್ತೇನೆ. ಮಾರಿದ ದುಡ್ಡೆಲ್ಲ ಅದೇ ಖಾತೆಗೆ ಬರುತ್ತದೆ. ದೀಪಾವಳಿ ಹೊತ್ತಿಗೆ ಹೆಚ್ಚುಕಮ್ಮಿ ಸೊನ್ನೆ.

ಘಟಕದ ಮುಂದೆ ಪಿಎಂಇಜಿಪಿ ಸಾಲದ್ದು ಅನ್ನುವ ಬೋರ್ಡ್ ಹಾಕಬೇಕು. ಹಾಕಿದ್ದೆ. ಪರಿಶೀಲನೆಗೆ ಬಂದ ದಿನ ಅದರ ಮೇಲೆ ಹಾಳೆ ಒಣಗಿಸಲು ಹರವಿದ್ದರು. ಎಲ್ಲ ತೆಗೆದು ಫೋಟೋ ತೆಗೆಸಿಕೊಟ್ಟೆವು.

ದೊಡ್ಡದು ಮಾಡುವಾಗ

ಈಗ ವೆಲ್ಡಿಂಗ್ ಗೆಳೆಯನ ಕಥೆಯ ಉಳಿದ ಭಾಗ. ಪಿಎಂಇಜಿಪಿಯಲ್ಲಿ ಎರಡನೇ ಸಾಲ ಅಂತ ಒಂದಿದೆ, ನಡೆಯುತ್ತಿರುವ ಘಟಕವನ್ನು ಬೆಳೆಸುವುದಕ್ಕೆ. ತಯಾರಿಕೆಗೆ 1 ಕೋಟಿ, ಸೇವೆಗೆ 25 ಲಕ್ಷದವರೆಗೆ. ಸಬ್ಸಿಡಿ ಎಲ್ಲ ವರ್ಗಕ್ಕೂ ಶೇ 15, ಕೈಯಿಂದ ಶೇ 10. ಮುದ್ರಾ ಸಾಲದಲ್ಲಿ ಶುರು ಮಾಡಿದ ಘಟಕಗಳಿಗೂ ಇದು ಸಿಗುತ್ತದೆ. ಅವನು ಮುದ್ರಾ ಕಂತು ಒಂದೂ ತಪ್ಪಿಸದೆ ತೀರಿಸಿದ. ಈಗ ಗೇಟು, ಗ್ರಿಲ್ ಜೊತೆ ಅಡಿಕೆ ಸುಲಿಯುವ ಯಂತ್ರದ ಬಿಡಿಭಾಗ ಮಾಡುವುದಕ್ಕೆ ಅರ್ಜಿ ಹಾಕಿದ್ದಾನೆ. ಶೇ 35 ತಪ್ಪಿತು, ಶೇ 15ರ ಬಾಗಿಲು ತೆರೆದೇ ಇತ್ತು.

ನನ್ನದೂ ಅದೇ ಸಾಲಿನಲ್ಲಿದೆ. ಹೈಡ್ರಾಲಿಕ್ ಮೆಷಿನ್ ಹಾಕುವುದಕ್ಕೆ 12 ಲಕ್ಷದ ಯೋಜನೆ. ಮೊದಲ ಸಾಲ ಹೊತ್ತಿಗೆ ಸರಿಯಾಗಿ ತೀರಿರಬೇಕು, ಮೂರು ವರ್ಷದ ಠೇವಣಿ ಸಾಲಕ್ಕೆ ಜಮಾ ಆಗಿರಬೇಕು, ಲಾಭ ತೋರಿಸಬೇಕು. ಕೇಂದ್ರ ಸರ್ಕಾರ ಈ ಯೋಜನೆಯನ್ನು 2025-26ರವರೆಗೆ ಅಂತ ಮುಂದುವರಿಸಿತ್ತು. ಇಂಥ ಅವಧಿ ಮುಗಿಯುವ ಹೊತ್ತಿಗೆ ಮಿತಿ, ಶೇಕಡಾ ಎಲ್ಲ ಬದಲಾಗುವುದುಂಟು. ಆದ್ದರಿಂದ ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿರುವ ಮಾರ್ಗಸೂಚಿ ಓದಿಕೊಳ್ಳಿ, ನಾನು ಬರೆದದ್ದನ್ನಲ್ಲ.

ಎರಡನೇ ಸಾಲದ ತಯಾರಿ ಮೊದಲ ದಿನದಿಂದಲೇ ಶುರು. ಮಾರಾಟವೆಲ್ಲ ಬ್ಯಾಂಕ್ ಖಾತೆಯಲ್ಲೇ ಕಾಣಬೇಕು. ಮದುವೆ ಆರ್ಡರಿನವರು ಕೈಗೆ ನಗದು ಕೊಟ್ಟರೆ ಸಂಜೆಯೇ ಹೋಗಿ ಕಟ್ಟುತ್ತೇನೆ. ಆದಾಯ ತೆರಿಗೆ ರಿಟರ್ನ್, ಹಾಳೆ ಕೊಂಡ ಚೀಟಿ, ಕರೆಂಟ್ ಬಿಲ್, ಠೇವಣಿ ಜಮಾ ಆದ ಪತ್ರ, ಎಲ್ಲ ಒಂದು ನೀಲಿ ಫೈಲಿನಲ್ಲಿವೆ. ಫೈಲಿನ ಮೊದಲ ಪುಟದಲ್ಲಿ ಆ ಜೆರಾಕ್ಸ್ ಅಂಗಡಿಯ ಬಣ್ಣದ ಮುಖಪುಟ ಇಟ್ಟುಕೊಂಡಿದ್ದೇನೆ. ಬೈಕ್ ನಿಲ್ಲಿಸಿ ಕೇಳುವ ಹುಡುಗರಿಗೆ ತೋರಿಸುವುದಕ್ಕೆ ಬೇಕಾಗುತ್ತದೆ.